ನಿಮಿಷಕ್ಕೊಮ್ಮೆ ಕಡಲನ್ನು ಕೇಳಿದವಳು

ನಮ್ಮ ಕಡಲೂರು ಸೊಲ್ಗುಮಿಯ ಹೆಂಗಸರು ಫೋನು ಇಟ್ಟುಕೊಳ್ಳುವುದು ಎದೆಯ ಹತ್ತಿರ. ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿ ಕಟ್ಟುವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಎರಡು ಗಂಟು ಬಿಗಿದು, ಉಣ್ಣೆ ಅಂಗಿಗೂ ಅದರ ಮೇಲಿನ ರಬ್ಬರ್ ಉಡುಪಿಗೂ ನಡುವೆ ತುರುಕಿಕೊಂಡರೆ ಮುಗಿಯಿತು. ಕಡಲು ಹಿಂದೆ ಸರಿದ ಮೇಲೆ ಉಳಿಯುವ ಕೆಸರು ಬಯಲಿನಲ್ಲಿ ನಾಲ್ಕು ಗಂಟೆ ಕುಕ್ಕರುಗಾಲಲ್ಲಿ ಕೂತು ಕಪ್ಪೆಚಿಪ್ಪು ಬಗೆಯುವವರಿಗೆ ಬೇರೆ ಜೇಬು ಎಲ್ಲಿಂದ ಬರಬೇಕು? ಆ ಫೋನು ಹೊರಗೆ ತೆಗೆಯಬೇಕೆಂದರೆ ಕೈಗವಸು ಕಳಚಬೇಕು, ಬೆರಳು ಒರೆಸಿಕೊಳ್ಳಬೇಕು, ಗಂಟನ್ನು ಹಲ್ಲಿನಲ್ಲಿ ಎಳೆಯಬೇಕು. ಆದ್ದರಿಂದ ಕೆಸರಿನಲ್ಲಿದ್ದಾಗ ಯಾರೂ ಸುಮ್ಮಸುಮ್ಮನೆ ಫೋನು ತೆಗೆಯುವುದಿಲ್ಲ. ತಾಕ್ ಹೇರಾನ್ ಇದನ್ನು ದಿನಾ ನೋಡುತ್ತಿದ್ದವಳು. ನೋಡುತ್ತಿದ್ದೂ, ಬೇಕಾದ ಹೊತ್ತಿನಲ್ಲಿ ಅದು ಅವಳ ತಲೆಗೆ ಹೊಳೆಯಲಿಲ್ಲ.

ಹೇರಾನ್ ನಮ್ಮೂರಿನ ಚಿಪ್ಪುಗಾರರ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ದೊಡ್ಡ ಕುರ್ಚಿ ಎಂದುಕೊಳ್ಳಬೇಡಿ. ಒಂದು ಮೇಜು, ಒಂದು ಕಂಪ್ಯೂಟರು, ಗೋಡೆಯಲ್ಲಿ ಒಂದು ಮೈಕು, ಸೀಮೆಎಣ್ಣೆ ಒಲೆಯ ಮೇಲೆ ಕುಡಿಯಲೆಂದು ಸದಾ ಕುದಿಯುವ ಜವೆಗೋಧಿ ನೀರು. ವಯಸ್ಸು ನಲವತ್ತಮೂರು. ಗಂಡ ಏಡಿ ದೋಣಿಯವನು, ಕಡಲಿಗೆ ಹೋದರೆ ವಾರ ಕಳೆದೇ ಮುಖ ತೋರಿಸುವವನು, ಮಕ್ಕಳಿಲ್ಲ. ದಿನಾ ಬೆಳಿಗ್ಗೆ ಮೈಕಿನಲ್ಲಿ, ಇವತ್ತು ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ, ಹೆಂಗಸರನ್ನು ಕೂರಿಸಿಕೊಂಡು ಟಿಲ್ಲರು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೂಗಿ ಹೇಳುವುದು ಅವಳ ಮುಖ್ಯ ಕೆಲಸ. ಗಾಳಿ ಎದ್ದ ದಿನ ಗುಡ್ಡದ ಮೇಲಿನ ಮನೆಗಳಿಗೆ ಆ ಮೈಕು ತಲುಪುತ್ತಿರಲಿಲ್ಲ. ಮಿಹ್ವಾ ಅಮ್ಮನಿಗಂತೂ ಯಾವ ದಿನವೂ ತಲುಪುತ್ತಿರಲಿಲ್ಲ, ಆಕೆಗೆ ಕಿವಿಯ ಪಕ್ಕ ಬಾಯಿಟ್ಟು ಹೇಳಿದರೇ ಅರ್ಧ ಕೇಳುವುದು. ಎರಡು ವರ್ಷದಿಂದ ಆಕೆ ಕೆಸರಿಗೆ ಇಳಿಯುವುದನ್ನೇ ಬಿಟ್ಟು ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು.

ಅದನ್ನು ನೋಡಲಾರದೆ ಹೇರಾನ್ ಜಿಲ್ಲಾ ತರಬೇತಿ ಕೇಂದ್ರದಲ್ಲಿ ಎರಡು ಚಳಿಗಾಲ ಕೂತು, ತನ್ನ ಅರ್ಧ ವಯಸ್ಸಿನ ಮೇಷ್ಟ್ರ ಮುಂದೆ ತಲೆ ಕೆರೆದುಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಕಲಿತು ಮಾಡಿದ್ದು ಒಂದೇ ವಸ್ತು. ಫೋನಿನ ಮೊದಲ ಪರದೆಯ ಮೇಲೆ ತಾನಾಗಿ ಕೂತಿರುವ ಒಂದು ಚೌಕ. ವಿಜೆಟ್ ಎನ್ನುತ್ತಾರೆ ಬಲ್ಲವರು. ನಮ್ಮ ಹೆಂಗಸರಿಗೆ ಅದು ಚೌಕವೇ. ಏನನ್ನೂ ಒತ್ತಬೇಕಿಲ್ಲ, ಕನ್ನಡಕ ಹುಡುಕಬೇಕಿಲ್ಲ. ಹಸಿರಿದ್ದರೆ ಇಳಿಯಬಹುದು, ಹಳದಿಯಾದರೆ ನೀರು ತಿರುಗುವ ಹೊತ್ತು ಹತ್ತಿರ, ಕೆಂಪಾದರೆ ಎದ್ದು ಬರಬೇಕು, ಆಗ ಫೋನು ಎದೆಯೊಳಗೆ ಗುರ್ ಎನ್ನುತ್ತದೆ. ಮೂವತ್ತೊಂದು ಫೋನುಗಳಿಗೆ ಅವಳೇ ಮನೆಮನೆಗೆ ಹೋಗಿ ಹಾಕಿಕೊಟ್ಟಳು. ಆ ಶರತ್ಕಾಲದಲ್ಲಿ ಮಿಹ್ವಾ ಅಮ್ಮ ಮತ್ತೆ ಟಿಲ್ಲರು ಹತ್ತಿದಳು. ಹತ್ತಿ, ಎದೆ ತಟ್ಟಿ ತೋರಿಸಿ, ನನ್ನ ಕಿವಿ ಈಗ ಇಲ್ಲಿದೆ ಎಂದು ಎಲ್ಲರನ್ನೂ ನಗಿಸಿದಳು.

ಈಗ ಹೇರಾನ್‌ಳ ತಾಯಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ಅವಳು ಮಾಡಿದ ತಪ್ಪು ಬರೀ ದಡ್ಡತನವಾಗಿ ಕಾಣುತ್ತದೆ.

ನಮ್ಮ ಕಡೆ ಮದುವೆಯಾಗಿ ಮಗುವಾದ ಹೆಂಗಸಿಗೆ ಅವಳದೇ ಹೆಸರು ಉಳಿಯುವುದಿಲ್ಲ. ಚೊಚ್ಚಲ ಮಗುವಿನ ಹೆಸರು ಹಿಡಿದೇ ಕರೆಯುವುದು. ಕೆಸರಿನಲ್ಲಿ ನೀರು ತಿರುಗಿದ ಹೊತ್ತಿಗೆ ಗುಂಪಿನ ಮುಂದಾಳು ಎದ್ದು ನಿಂತು ಒಂದೊಂದೇ ಹೆಸರು ಕೂಗುತ್ತಾಳೆ. ಸುಂಗಿಲ್ ಅಮ್ಮಾ, ಗಿಸೊಕ್ ಅಮ್ಮಾ. ಕೂಗಿಸಿಕೊಂಡವಳು "ಇದ್ದೀನಿ" ಎನ್ನಬೇಕು. ಕೊನೆಯ ಉತ್ತರ ಬರುವ ತನಕ ಟಿಲ್ಲರು ಕದಲುವುದಿಲ್ಲ. ಇಪ್ಪತ್ತಾರು ವರ್ಷದ ಹಿಂದೆ, ಮಾರ್ಚಿನ ಒಂದು ದಿನ, ಕಡಲ ಕಡೆಯಿಂದ ಮಂಜು ಬಂದು ಬಯಲನ್ನು ಮುಚ್ಚಿತು. ಹದಿನೇಳರ ಹೇರಾನ್ ಶಾಲೆಯಿಂದ ಬಂದವಳು ದಡದಲ್ಲಿ ನಿಂತಿದ್ದಳು. ಮಂಜಿನೊಳಗಿಂದ ಹೆಂಗಸರು ಕೂಗುವುದು ಅವಳಿಗೆ ಕೇಳುತ್ತಿತ್ತು: ಹೇರಾನ್ ಅಮ್ಮಾ, ಹೇರಾನ್ ಅಮ್ಮಾ. ತನ್ನದೇ ಹೆಸರನ್ನು ಅವಳು ಅಷ್ಟು ಸಲ ಒಟ್ಟಿಗೆ ಎಂದೂ ಕೇಳಿರಲಿಲ್ಲ. ಉತ್ತರ ಬರಲಿಲ್ಲ.

ಆ ದಿನ ಮುಂದಾಳಾಗಿ ಕೂಗಿದವಳು ಒಕ್‌ಬುನ್, ಮಕ್ಕಳಾಗದೆ ಸ್ವಂತ ಹೆಸರೇ ಉಳಿದವಳು. ಹೇರಾನ್‌ಳ ತಾಯಿಯ ಜೊತೆಗಾತಿ, ಬೇಲಿಯಾಚೆಯ ಮನೆಯವಳು, ಹೇರಾನ್‌ಗೆ ಚಿಕ್ಕಮ್ಮ. ಈಗ ಎಪ್ಪತ್ನಾಲ್ಕು ವರ್ಷ, ಈಗಲೂ ಹೆಸರು ಕೂಗುವವಳು ಅವಳೇ. ಗಿಸೊಕ್ ಅಮ್ಮನ ಹೆಸರು ಆದ ಮೇಲೆ, ಮಿಹ್ವಾ ಅಮ್ಮನ ಹೆಸರಿಗೆ ಮೊದಲು, ಒಕ್‌ಬುನ್ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಾಳೆ. ಅಲ್ಲಿ ಇದ್ದದ್ದು ಹೇರಾನ್ ಅಮ್ಮನ ಹೆಸರು. ಅದನ್ನು ಯಾರೂ ಮಾತಾಗಿ ಆಡುವುದಿಲ್ಲ, ಹೊಸದಾಗಿ ಬಂದ ಸೊಸೆಯಂದಿರೂ ಆ ಉಸಿರು ಕಾಯುವುದನ್ನು ಕಲಿತುಬಿಡುತ್ತಾರೆ.

ಹೀಗೆ ತಾಯಿಯನ್ನು ಕಳೆದುಕೊಂಡ ಹೇರಾನ್ ನೀರಿನ ಹೊತ್ತು ಹೇಳುವ ಚೌಕ ಮಾಡಿದರೆ ಹೇಗೆ ಮಾಡಿಯಾಳು? ನಂಬಿಕೆಯಿಲ್ಲದೆ ಮಾಡಿದಳು. ನಿಮಿಷಕ್ಕೊಮ್ಮೆ ಪ್ರತಿ ಫೋನೂ ಎಚ್ಚೆತ್ತು, ದೂರದ ಕಂಪ್ಯೂಟರಿಗೆ ಕರೆ ಹೋಗಿ, ನೀರು ಎಲ್ಲಿದೆ, ತಿರುಗಿತೇ, ಗಾಳಿ ಹೇಗಿದೆ ಎಂದು ಕೇಳಿ, ಬಂದ ಉತ್ತರವನ್ನು ಮತ್ತೆ ಬರೆದುಕೊಳ್ಳುವಂತೆ ಮಾಡಿದಳು. ತರಬೇತಿ ಮೇಷ್ಟ್ರು, ಇಷ್ಟು ಸಲ ಯಾಕಮ್ಮಾ ಎಂದು ಕೇಳಿದ್ದರು. ಒಂದು ನಿಮಿಷದಲ್ಲಿ ಏನು ಬೇಕಾದರೂ ಆಗುತ್ತದೆ ಎಂದು ಇವಳು ಮುಖ ಬಿಗಿದುಕೊಂಡು ಹೇಳಿದ್ದಳು.

ಶರತ್ಕಾಲ ಹೇಗೋ ಕಳೆಯಿತು. ಜನವರಿಯ ಚಳಿ ಬಿದ್ದದ್ದೇ ಫೋನುಗಳು ಒಂದೊಂದಾಗಿ ಕಣ್ಣು ಮುಚ್ಚತೊಡಗಿದವು. ಎಲ್ಲವೂ ಪಟ್ಟಣದ ಮಕ್ಕಳು ಹೊಸದು ಕೊಂಡು ಬಿಟ್ಟುಕೊಟ್ಟ ಹಳೇ ಫೋನುಗಳು, ಬ್ಯಾಟರಿ ಮೊದಲೇ ಸೊರಗಿತ್ತು. ಮೇಲಾಗಿ ಕೆಸರಿನಲ್ಲಿ ಸಿಗ್ನಲ್ಲು ತೆಳು, ಹಾಗಿರುವಲ್ಲಿ ಫೋನು ಒಂದು ಪ್ರಶ್ನೆ ಕಳಿಸಲು ಮೂರುಪಟ್ಟು ಗಂಟಲು ಹರಿದುಕೊಳ್ಳಬೇಕು. ಬೆಳಿಗ್ಗೆ ನೂರು ಇದ್ದದ್ದು ಹನ್ನೊಂದು ಗಂಟೆಗೆ ಸೊನ್ನೆ. ಊರಿನ ಸಭಾಮನೆಯ, ಕೆಳಗಿನಿಂದ ಕಾಯಿಸಿದ ಬಿಸಿ ನೆಲದ ಮೇಲೆ ಹೆಂಗಸರು ಒಂದೇ ಪ್ಲಗ್ ಪಟ್ಟಿಗೆ ಮುಗಿಬಿದ್ದು, ನಿನ್ನದು ಎಂಬತ್ತಾಯಿತು ತೆಗಿ, ನನ್ನದು ಇನ್ನೂ ಹನ್ನೆರಡು ಎಂದು ಕಿತ್ತಾಡಿದರು. ಗಿಸೊಕ್ ಅಮ್ಮ ಒಬ್ಬಳ ಚಾರ್ಜರು ಕಿತ್ತು ತನ್ನದು ಸಿಕ್ಕಿಸಿದ್ದಕ್ಕೆ ಅವರಿಬ್ಬರಿಗೂ ಮೂರು ದಿನ ಮಾತಿರಲಿಲ್ಲ. ಹೇರಾನ್ ಇದನ್ನೆಲ್ಲ ಕಂಡೂ, ಹೊಸ ಬ್ಯಾಟರಿ ಹಾಕಿಸಿ ಎಂದು ಹೇಳಿ ಜಾರಿಕೊಂಡಳು. ತಾನು ಮಾಡಿದ್ದರಲ್ಲಿ ಕುಂದಿದೆ ಎಂದು ಒಪ್ಪಿಕೊಳ್ಳುವುದು ಅವಳಿಗೆ ಕಷ್ಟವಾಗಿತ್ತು.

ಫೆಬ್ರವರಿಯ ಎರಡನೇ ವಾರ ಮಂಜು ಬಂತು. ಬಯಲಿನಲ್ಲಿ ಮೂವತ್ತೊಂದು ಹೆಂಗಸರಿದ್ದರು. ಹೇರಾನ್ ಸಂಘದ ಕಿಟಕಿಯಿಂದ ನೋಡುತ್ತಿದ್ದಂತೆ ಮೊದಲು ಬಯಲಿನ ದಾರಿಗುರುತಿನ ಕಂಬಗಳು ಮಂಜಿನಲ್ಲಿ ಹೋದವು, ಆಮೇಲೆ ಟಿಲ್ಲರು, ಆಮೇಲೆ ಎಲ್ಲವೂ. ಅವಳು ಒಂದೊಂದೇ ನಂಬರಿಗೆ ಫೋನು ಮಾಡಿದಳು. ಸ್ವಿಚ್ ಆಫ್, ಸ್ವಿಚ್ ಆಫ್. ನಾಲ್ಕು ಫೋನುಗಳು ಮಾತ್ರ ಜೀವದಿಂದಿದ್ದವು, ಒಕ್‌ಬುನ್‌ಳದು ಅದರಲ್ಲಿ ಇರಲಿಲ್ಲ. ಒಂದೇ ನಂಬರನ್ನು ಆರು ಸಲ ಒತ್ತಿದ್ದು ಹೇರಾನ್‌ಗೇ ಗೊತ್ತಾಗಲಿಲ್ಲ.

ಅವರನ್ನು ಆ ದಿನ ಉಳಿಸಿದ್ದು ಸಂಘದ ಅಧ್ಯಕ್ಷ ಮಾ ದೊಕ್ಸು. ಅರವತ್ತೊಂದರ, ಕುಳ್ಳ, ಕೋಪಿಷ್ಠ ಮನುಷ್ಯ, ಟಿಲ್ಲರು ಓಡಿಸುವವನೂ ಅವನೇ. ಟಿಲ್ಲರಿನ ಎಂಜಿನ್ನನ್ನು ಪೂರ್ತಿ ಏರಿಸಿ ನಲವತ್ತು ನಿಮಿಷ ಅದರ ಪಕ್ಕದಲ್ಲೇ ನಿಂತ. ಆ ಡುಗುಡುಗು ಹಿಡಿದುಕೊಂಡು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಬಂದರು. ಕೊನೆಯಲ್ಲಿ ಬಂದ ಒಕ್‌ಬುನ್‌ಳ ಮೊಣಕಾಲ ತನಕ ನೀರಿತ್ತು. ದಡಕ್ಕೆ ಬಂದವಳೇ ಹೇರಾನ್‌ಳ ಮುಖ ನೋಡಿ, ಇವಳಿಗೊಂದು ಲೋಟ ಏನಾದರೂ ಬಿಸಿಯಾದ್ದು ಕೊಡಿ ಎಂದು ಬೇರೆಯವರಿಗೆ ಹೇಳಿದಳು.

ಸಂಜೆ ಸಭಾಮನೆಯಲ್ಲಿ ಎಲ್ಲರೂ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಕೂತಿದ್ದಾಗ ದೊಕ್ಸು ತೀರ್ಪು ಹೇಳಿದ.

"ಕಾರ್ಯದರ್ಶಿಯವರೇ, ನಿಮ್ಮ ಚೌಕ ಚೆನ್ನಾಗಿದೆ. ಹಸಿರು, ಹಳದಿ, ಎಲ್ಲಾ ಚೆಂದ. ಆದ್ರೆ ಅದನ್ನ ಸಾಕೋಕೆ ಫೋನೇ ಸಾಯ್ತಾ ಇದೆ. ಮುಂದಿನ ದೊಡ್ಡ ನೀರು ಬರೋದ್ರೊಳಗೆ ಮೂವತ್ತೊಂದು ಫೋನಿಂದಲೂ ತೆಗೆದುಬಿಡಿ. ಮೈಕ್ ಸಾಕು ನಮಗೆ."

ಮಿಹ್ವಾ ಅಮ್ಮ ಪಕ್ಕದವಳ ತೋಳು ಎಳೆದು, ಏನಂದ ಏನಂದ ಎಂದು ಕೇಳಿದಳು. ಪಕ್ಕದವಳು ಕಿವಿಯಲ್ಲಿ ಹೇಳಿದಳು. ಮಿಹ್ವಾ ಅಮ್ಮ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹೇರಾನ್‌ಗೆ ದೊಕ್ಸುವಿನ ಮಾತಿಗಿಂತ ಅದು ಹೆಚ್ಚು ಚುಚ್ಚಿತು.

ದೊಡ್ಡ ನೀರು ಹುಣ್ಣಿಮೆ ಅಮಾವಾಸ್ಯೆಗೆ, ಅಂದಿನಿಂದ ಎಂಟು ದಿನ ಸಣ್ಣ ನೀರು. ಅಷ್ಟಮಿಯ ಆಸುಪಾಸಿನಲ್ಲಿ ಕಡಲು ಸರಿಯಾಗಿ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಬಯಲು ಬಾಯಿ ಬಿಡುವುದಿಲ್ಲ, ಹೆಂಗಸರು ಮನೆಯಲ್ಲಿ ಬಲೆ, ಬುಟ್ಟಿ, ಬೆನ್ನುನೋವು ಎಲ್ಲವನ್ನೂ ರಿಪೇರಿ ಮಾಡಿಕೊಳ್ಳುತ್ತಾರೆ. ಮೊದಲ ಎರಡು ದಿನ ಹೇರಾನ್ ಒಂದು ಕಳ್ಳ ಉಪಾಯ ಮಾಡಿ ನೋಡಿದಳು. ನಿಮಿಷಕ್ಕೊಮ್ಮೆ ಎಂದಿದ್ದನ್ನು ಹತ್ತು ನಿಮಿಷಕ್ಕೊಮ್ಮೆ ಎಂದು ಬದಲಿಸಿದಳು. ಬ್ಯಾಟರಿ ಹನ್ನೊಂದರ ಬದಲು ಒಂದೂವರೆಗೆ ಸತ್ತಿತು. ಸಾಯುವುದಂತೂ ತಪ್ಪಲಿಲ್ಲ, ಮೇಲಾಗಿ ಬಣ್ಣ ಹತ್ತು ನಿಮಿಷ ಹಳೆಯದು. ಮೂರನೆಯ ದಿನ ಅವಳು ಸೋಲೊಪ್ಪಿ, ಒಕ್‌ಬುನ್‌ಳ ಫೋನಿನಿಂದಲೇ ತೆಗೆಯಲು ಶುರುಮಾಡೋಣ ಎಂದು ಬೇಲಿ ದಾಟಿ ಹೋದಳು.

ಒಕ್‌ಬುನ್ ಅಂಗಳದ ನಲ್ಲಿಯ ಕೆಳಗೆ ರಬ್ಬರ್ ಕೈಗವಸು ತೊಳೆದು ತಂತಿಯ ಮೇಲೆ ಒಣಹಾಕುತ್ತಿದ್ದಳು. ಅದರಲ್ಲಿ ಎಡಗೈಯದರ ಮಣಿಕಟ್ಟಿನ ಹತ್ತಿರ ಮಾರ್ಕರ್ ಪೆನ್ನಿನಲ್ಲಿ ಬರೆದು ಉಜ್ಜಿ, ಮತ್ತೆ ಬರೆದು ಉಜ್ಜಿದ ಗುರುತುಗಳಿದ್ದವು. ಕೊನೆಯ ಸಲದ್ದು ಇನ್ನೂ ಓದುವಂತಿತ್ತು. ಮೂರು ಹೊತ್ತು, ಒಂದರ ಕೆಳಗೊಂದು.

ಇದೇನು ಎಂದು ಹೇರಾನ್ ಕೇಳಿದಳು. ಬೆಳಿಗ್ಗೆ ಗೋಡೆಯ ಕ್ಯಾಲೆಂಡರು ನೋಡಿ ಬರೆದುಕೊಳ್ಳುತ್ತೇನೆ, ನೀರು ಇಳಿಯುವ ಹೊತ್ತು, ತಿರುಗುವ ಹೊತ್ತು, ನಾವು ಕೆಸರಿಂದ ಏಳುವ ಹೊತ್ತು, ಇನ್ನೇನು ಬೇಕು ಎಂದಳು ಒಕ್‌ಬುನ್.

"ಚೌಕ ಇದ್ದಾಗ್ಲೂ ಬರ್ಕೋತಿದ್ರಾ ಚಿಕ್ಕಮ್ಮ?"

"ಬರ್ಕೋತಿದ್ದೆ. ನಿನಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ."

ಹೇರಾನ್‌ಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು, ಚೌಕ ತೆಗೆಯುತ್ತೇನೆ, ಫೋನು ಕೊಡಿ ಎಂದು ಕೈ ಚಾಚಿದಳು. ಒಕ್‌ಬುನ್ ಕೊಡಲಿಲ್ಲ. ತಲೆಕೆಳಗು ಮಾಡಿದ ಬುಟ್ಟಿಯ ಮೇಲೆ ಕೂತು ವಿಚಾರಣೆಗೆ ಇಳಿದಳು.

"ಅಲ್ಲ ಕಣೇ, ಈ ಚೌಕ ಕಡಲನ್ನ ಏನಂತ ಕೇಳುತ್ತೆ?"

"ತಿರುಗಿದ್ಯಾ ಅಂತ."

"ದಿನಕ್ಕೆಷ್ಟು ಸಲ?"

"ನಿಮಿಷಕ್ಕೊಂದು ಸಲ. ಉತ್ತರ ಬಂದಾಗೆಲ್ಲ ಮತ್ತೆ ಬಣ್ಣ ಬರೆಯುತ್ತೆ."

"ನನ್ನ ಎದೆಯೊಳಗೆ, ಕಿಮ್ಚಿ ಚೀಲದೊಳಗೆ ಕೂತ್ಕೊಂಡು ಯಾರಿಗೆ ಬರೆದು ತೋರಿಸ್ತಿತ್ತು ಅದು?"

ಒಕ್‌ಬುನ್ ಬಿಡಲಿಲ್ಲ. ನೀರಿನ ಹೊತ್ತು ವರ್ಷದ ಮೊದಲೇ ಅಚ್ಚಾಗಿ ಗೋಡೆಗೆ ಬಂದು ಕೂತಿರುತ್ತದೆ, ಒಂದು ದಿನಕ್ಕೆ ಒಂದು ಸಲ ನೋಡಿದರೆ ಸಾಕು, ಕೇಳಿದ್ದನ್ನೇ ಕೇಳಿದರೆ ಮನುಷ್ಯರಿಗೇ ಸುಸ್ತಾಗುತ್ತದೆ, ಪಾಪ ಆ ಫೋನಿಗಾಗದೇ ಎಂದು ಒಂದಿಷ್ಟು ಹೊತ್ತು ಬೈದಳು. ಆಮೇಲೆ ಧ್ವನಿ ಇಳಿಸಿದಳು.

"ನಿಮ್ಮಮ್ಮ ಹೋದ ದಿನಾನೂ ನೀರು ಕ್ಯಾಲೆಂಡರಲ್ಲಿ ಬರೆದ ಹೊತ್ತಿಗೇ ತಿರುಗಿತ್ತು, ಹೇರಾನ್. ನೀರು ನಮಗೆ ಸುಳ್ಳು ಹೇಳಲಿಲ್ಲ. ಹೇಳದೆ ಬಂದಿದ್ದು ಮಂಜು."

ಇಪ್ಪತ್ತಾರು ವರ್ಷದಲ್ಲಿ ಒಕ್‌ಬುನ್ ಆ ದಿನದ ಮಾತು ಎತ್ತಿದ್ದು ಅದೇ ಮೊದಲು. ಹೇರಾನ್ ತಂತಿಯ ಮೇಲಿನ ಕೈಗವಸಿನ ಮೂರು ಹೊತ್ತುಗಳನ್ನು ಮತ್ತೊಮ್ಮೆ ಓದಿದಳು. ಅವಳು ಇಷ್ಟು ದಿನ ಹೆದರಿದ್ದು ನೀರಿಗೆ, ಕಾವಲಿಟ್ಟಿದ್ದು ನೀರಿಗೆ. ಮಂಜಿನ ಬಗ್ಗೆ ಚೌಕ ಒಂದು ಮಾತೂ ಕೇಳುತ್ತಿರಲಿಲ್ಲ. ಗೊತ್ತಿದ್ದ ಸಂಗತಿಯನ್ನು ದಿನಕ್ಕೆ ಸಾವಿರ ಸಲ ಕೇಳಿ, ಗೊತ್ತಿಲ್ಲದ್ದನ್ನು ಒಂದು ಸಲವೂ ಕೇಳಿರಲಿಲ್ಲ. ಆ ಕೈಗವಸನ್ನು ಎರವಲು ಕೊಡಿ ಎಂದು ಬೇಡಿ, ಒದ್ದೆಯಾಗಿದ್ದಂತೆಯೇ ಕಂಕುಳಲ್ಲಿ ಇಟ್ಟುಕೊಂಡು ಸಂಘಕ್ಕೆ ಓಡಿದಳು.

ಮುಂದಿನ ಮೂರು ದಿನ ಅವಳು ಮಾಡಿದ್ದು ಬಹುಪಾಲು ತೆಗೆದುಹಾಕುವ ಕೆಲಸ. ಬೆಳಗಿನ ಜಾವ, ಫೋನು ಇನ್ನೂ ಮನೆಯಲ್ಲಿ ಚಾರ್ಜಿಗೆ ಸಿಕ್ಕಿಸಿಕೊಂಡಿರುವಾಗ, ಚೌಕ ಒಂದೇ ಸಲ ಇಡೀ ದಿನದ ಹೊತ್ತುಗಳನ್ನು ತಂದಿಟ್ಟುಕೊಳ್ಳಬೇಕು. ಆಮೇಲೆ ಯಾರನ್ನೂ ಕೇಳಬೇಕಿಲ್ಲ. ಇನ್ನೆಷ್ಟು ನಿಮಿಷ ಎಂದು ತೋರಿಸುವುದಕ್ಕೆ ಫೋನಿನ ಗಡಿಯಾರ ಹೇಗೂ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಅದರ ಬೆನ್ನಿಗೆ ಕಟ್ಟಿದರಾಯಿತು. ಬಣ್ಣ ಬದಲಾಗುವುದು ಆ ಮೂರು ಹೊತ್ತಿಗೆ ಮಾತ್ರ. ಮಂಜು ಗಾಳಿಯ ವಿಷಯ ಫೋನು ಕೇಳುವುದಲ್ಲ, ಹವಾಮಾನ ಇಲಾಖೆಯ ಎಚ್ಚರಿಕೆ ಹೊರಟಾಗ ದೂರದ ಕಂಪ್ಯೂಟರೇ ಬಂದು ಒಮ್ಮೆ ಬಾಗಿಲು ಬಡಿಯಬೇಕು. ಅದಕ್ಕೆ ಬೇಕಾದ ನಾಲ್ಕು ಸಾಲನ್ನು ತರಬೇತಿ ಮೇಷ್ಟ್ರು ಫೋನಿನಲ್ಲೇ ಹೇಳಿಕೊಟ್ಟರು. ಹೇಳಿಕೊಡುವಾಗ ಆತ ನಗುತ್ತಿದ್ದದ್ದು ಅವಳಿಗೆ ಕೇಳಿಸಿತು, ಆದರೂ ಹೊಟ್ಟೆಗೆ ಹಾಕಿಕೊಂಡಳು.

ಚಳಿಯಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಬೇಕಲ್ಲ. ಕೆಸರಿಗೆ ಹೋಗುವಂತಿಲ್ಲ, ಬಯಲು ಮುಚ್ಚಿದೆ. ಒಕ್‌ಬುನ್‌ಳ ಮನೆಯ ಕಿಮ್ಚಿ ಫ್ರಿಜ್ಜಿನಲ್ಲಿ ಮೂಲಂಗಿ ಡಬ್ಬದ ಮೇಲೆ ಅವಳ ಫೋನನ್ನು ಚೀಲದ ಸಮೇತ ಇಟ್ಟು ಮುಚ್ಚಳ ಹಾಕಿದರು. ಅದರೊಳಗೆ ಚಳಿಯೂ ಉಂಟು, ಸಿಗ್ನಲ್ಲೂ ಅಷ್ಟಕ್ಕಷ್ಟೆ. ಒಕ್‌ಬುನ್ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ, ನನ್ನ ಕಿಮ್ಚಿಗೆ ಫೋನಿನ ವಾಸನೆ ಬಂದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದಳು. ನಾಲ್ಕು ಗಂಟೆ ಕಳೆದ ಮೇಲೆ ತೆಗೆದು ನೋಡಿದರೆ ತೊಂಬತ್ತೆಂಟಕ್ಕೆ ಇಟ್ಟಿದ್ದು ತೊಂಬತ್ತೊಂದು. ಹೇರಾನ್ ಆ ಎಪ್ಪತ್ನಾಲ್ಕರ ಮುದುಕಿಯನ್ನು ತಬ್ಬಿಕೊಂಡು ಎತ್ತಿಯೇಬಿಟ್ಟಳು.

ಆದರೆ ಖುಷಿ ಅರ್ಧವೇ. ಏಳುವ ಹೊತ್ತಿಗೆ ಫೋನು ಡಬ್ಬಕ್ಕೆ ತಾಗಿ ಗುರ್ ಎನ್ನಬೇಕಿತ್ತು. ಎಂದಿತು, ಹನ್ನೊಂದು ನಿಮಿಷ ತಡವಾಗಿ. ಮತ್ತೊಮ್ಮೆ ಇಟ್ಟರು, ಒಂಬತ್ತು ನಿಮಿಷ ತಡ. ಬ್ಯಾಟರಿ ಉಳಿಸಲೆಂದು ಫೋನು ಒಳಗೊಳಗೇ ನಿದ್ದೆಗೆ ಜಾರುತ್ತದೆ, ಸಣ್ಣಪುಟ್ಟ ಕೆಲಸಗಳನ್ನು ಗಂಟು ಕಟ್ಟಿಟ್ಟು ತನಗೆ ಎಚ್ಚರವಾದಾಗ ಒಟ್ಟಿಗೆ ಮಾಡುತ್ತದೆ. ಬೇರೆ ಊರಿನವರಿಗೆ ಒಂಬತ್ತು ನಿಮಿಷ ದೊಡ್ಡದಲ್ಲ. ನಮ್ಮ ಬಯಲಿನಲ್ಲಿ ಅಷ್ಟು ಹೊತ್ತಿಗೆ ನೀರು ಹಿಂದಿನ ಕಾಲುವೆ ತುಂಬಿ ದಾರಿ ಕಟ್ಟುತ್ತದೆ. ಹೇರಾನ್ ತಲೆ ಹಿಡಿದುಕೊಂಡು ಕೂತಳು. ಮತ್ತೆ ನಿಮಿಷನಿಮಿಷಕ್ಕೂ ಎಬ್ಬಿಸುವುದೇ ಗತಿಯೇನೋ ಎಂದು ಗೊಣಗಿದಳು.

"ನಾಲ್ಕೂವರೆಗೆ ನನ್ನನ್ನ ಎಬ್ಬಿಸೋಕೆ ಅಲಾರಂ ಇಡ್ತೀನಲ್ಲ, ಅದು ಒಂದಿನಾನೂ ತಡ ಮಾಡಿಲ್ಲ," ಎಂದಳು ಒಕ್‌ಬುನ್ ಬೆಳ್ಳುಳ್ಳಿಯಿಂದ ತಲೆಯೆತ್ತದೆ. "ಆಗ ನಿದ್ದೆ ಬರಲ್ವೇನೋ ಈ ಫೋನಿಗೆ."

ಅಲ್ಲಿಗೆ ಅದೂ ಮುಗಿಯಿತು. ಮಿಕ್ಕ ಎರಡು ಹೊತ್ತಿಗೆ ಫೋನು ಬೇಕಾದರೆ ತೂಕಡಿಸಲಿ, ಪರದೆ ಬೆಳಗಿದಾಗ ಗಡಿಯಾರ ನೋಡಿ ಬಣ್ಣ ಸರಿಮಾಡಿಕೊಳ್ಳಲಿ. ಏಳುವ ಹೊತ್ತನ್ನು ಮಾತ್ರ ಅಲಾರಮ್ಮಿನ ದಾರಿಯಲ್ಲಿ ಇಡಬೇಕು. ದಿನಕ್ಕೆ ಒಂದು ಅಲಾರಂ ಯಾವ ಬ್ಯಾಟರಿಯನ್ನೂ ಕೊಲ್ಲುವುದಿಲ್ಲ. ಮೂರನೆಯ ಸಲ, ಇಟ್ಟ ಹೊತ್ತಿಗೆ ಸರಿಯಾಗಿ ಫ್ರಿಜ್ಜಿನೊಳಗೆ ಗುರ್ ಎಂದಿತು. ಒಕ್‌ಬುನ್, ಬಂತು ನೋಡು ಗುರುಗುಟ್ಟೋ ಬಸುರಿ ಬೆಕ್ಕು ಎಂದು ನಕ್ಕಳು.

ದೊಕ್ಸುವನ್ನು ಒಪ್ಪಿಸುವುದು ಫೋನನ್ನು ಒಪ್ಪಿಸಿದಷ್ಟು ಸುಲಭವಿರಲಿಲ್ಲ. ಹೇರಾನ್ ವಿವರಿಸಿದ್ದನ್ನೆಲ್ಲ ಕೇಳಿ, ನನಗೆ ನಿಮ್ಮ ಲೆಕ್ಕಾಚಾರ ಬೇಡ, ಇವರನ್ನು ಕಳೆದುಕೊಂಡರೆ ಅವರ ಮಕ್ಕಳಿಗೆ ಉತ್ತರ ಕೊಡಬೇಕಾದವನು ನಾನು ಎಂದ. ಅವನ ಧ್ವನಿ ಗಡಸಾಗಿತ್ತು, ಆದರೆ ಕಣ್ಣಲ್ಲಿ ಆ ನಲವತ್ತು ನಿಮಿಷದ ಹೆದರಿಕೆ ಇನ್ನೂ ಇತ್ತು. ಹೇರಾನ್ ಮೊದಲ ಸಲ ಅವನ ಮುಂದೆ, ತಪ್ಪು ನನ್ನದೇ ಎಂದಳು. ಹೆದರಿಕೊಂಡು ಮಾಡಿದೆ, ಯೋಚಿಸಿ ಮಾಡಲಿಲ್ಲ ಎಂದಳು. ಅವನು ಅವಳ ಮುಖ ನೋಡಿ ತುಸು ಮೆತ್ತಗಾದ. ಒಂದು ದಿನ, ಒಂದೇ ದಿನ ನೋಡೋಣ, ಮಧ್ಯಾಹ್ನ ಒಂದು ಗಂಟೆಗೆ ಒಂದು ಫೋನು ಸತ್ತಿದ್ದರೂ ಚೌಕ ಕಸಕ್ಕೆ ಎಂದ. ಟಿಲ್ಲರು ತಾನು ಓಡಿಸುವುದಿಲ್ಲ, ಸುಂಗಿಲ್ ಅಮ್ಮನ ಮಗ ಸುಂಗಿಲ್ ಓಡಿಸಲಿ, ತಾನು ಸಂಘದಲ್ಲಿ ಇವಳ ಎದುರಿಗೇ ಕೂತು ಕಾಯುತ್ತೇನೆ ಎಂದೂ ಹೇಳಿದ.

ದೊಡ್ಡ ನೀರಿನ ಮೊದಲ ದಿನ ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. ಮೂವತ್ತೊಂದು ಎದೆಗಳಲ್ಲಿ ಮೂವತ್ತೊಂದು ಫೋನು. ಟಿಲ್ಲರು ಹೋಯಿತು. ಹೇರಾನ್ ಮೇಜಿನ ಈಚೆ, ದೊಕ್ಸು ಆಚೆ. ಜವೆ ನೀರು ಕುದಿಯಿತು, ಆರಿತು, ಮತ್ತೆ ಕುದಿಯಿತು. ಹಿಂದೆಲ್ಲ ಅವಳು ಕಂಪ್ಯೂಟರಿನ ಮುಂದೆ ಕೂತು ಫೋನುಗಳು ಕೇಳುವ ಪ್ರಶ್ನೆಗಳು ಒಂದರ ಹಿಂದೊಂದು ಬಂದು ಬೀಳುವುದನ್ನು ನೋಡುತ್ತಿದ್ದಳು. ಅವು ಬರುತ್ತಿವೆ ಎಂದರೆ ಅವರು ಇದ್ದಾರೆ ಎಂದು ಅವಳ ಮನಸ್ಸಿಗೆ ಸಮಾಧಾನ. ಇವತ್ತು ಪರದೆ ಖಾಲಿ. ಒಂದು ಫೋನೂ ಏನೂ ಕೇಳುತ್ತಿಲ್ಲ. ಹಾಗೇ ಇರಬೇಕು ಎಂದು ತಾನೇ ಮಾಡಿದ್ದು, ಆದರೂ ಆ ಮೌನ ತಡೆಯಲಾರದೆ ಎರಡು ಸಲ ಎದ್ದು ಕಿಟಕಿಗೆ ಹೋದಳು. ದೊಕ್ಸು, ಕೂತ್ಕೊಳ್ಳಿ ಕಾರ್ಯದರ್ಶಿಯವರೇ, ನೆಲ ಸವೆಯುತ್ತೆ ಎಂದ.

ಹನ್ನೆರಡೂ ಹತ್ತಕ್ಕೆ ಮಂಜಿನ ಎಚ್ಚರಿಕೆ ಹೊರಟಿತು. ಕಿಟಕಿಯಾಚೆ ಬಿಸಿಲಿತ್ತು. ಬಯಲಿನಲ್ಲಿ ಎಲ್ಲರ ಎದೆಯೂ ಒಂದೇ ಸಲ ಗುರ್ ಎಂದಿತಂತೆ, ಗಿಸೊಕ್ ಅಮ್ಮ ಬೆಚ್ಚಿ ಕೆಸರಿಗೆ ಕುಂಡೆಯೂರಿ ಕೂತಳಂತೆ. ಇಷ್ಟು ಬಿಸಿಲಿದೆ, ಬುಟ್ಟಿ ಅರ್ಧವಾಗಿಲ್ಲ, ಇದೆಂಥ ಹುಚ್ಚು ಎಂದು ಕೆಲವರು ಗೊಣಗಿದರಂತೆ. ಮೊದಲು ಎದ್ದವಳು ಮಿಹ್ವಾ ಅಮ್ಮ. ಬುಟ್ಟಿ ತಲೆಗೇರಿಸಿ ಟಿಲ್ಲರಿನ ಕಡೆ ನಡೆದೇಬಿಟ್ಟಳು. ಕಿವಿ ಕೇಳದವಳೇ ಹೊರಟ ಮೇಲೆ ಮಿಕ್ಕವರಿಗೆ ಕೂರಲು ಮುಖವಿರಲಿಲ್ಲ. ಇದೆಲ್ಲ ಸಂಘದಲ್ಲಿದ್ದವರಿಗೆ ಆಮೇಲೆ ಗೊತ್ತಾಗಿದ್ದು.

ಹೇರಾನ್‌ಗೆ ಆಗ ಕಂಡದ್ದು ಕಿಟಕಿ ಮಾತ್ರ. ಹನ್ನೆರಡೂ ನಲವತ್ತಕ್ಕೆ ಕಂಬಗಳು ಮಂಜಿನಲ್ಲಿ ಹೋದವು. ಆಮೇಲೆ ಟಿಲ್ಲರು ಹೋಯಿತು. ಆಮೇಲೆ ಎಲ್ಲವೂ ಬಿಳಿ. ದೊಕ್ಸು ಎದ್ದು ಬಂದು ಅವಳ ಪಕ್ಕದಲ್ಲಿ ನಿಂತ. ನಂಬರು ಒತ್ತೋಣವೆಂದರೆ ಬೆರಳು ಏಳಲಿಲ್ಲ, ಸ್ವಿಚ್ ಆಫ್ ಎಂಬ ಆ ಹೆಂಗಸಿನ ಧ್ವನಿ ಇನ್ನೊಮ್ಮೆ ಕೇಳುವ ಶಕ್ತಿ ಅವಳಲ್ಲಿರಲಿಲ್ಲ.

ಅಷ್ಟರಲ್ಲಿ ಅವಳ ಫೋನೇ ಹೊಡೆದುಕೊಂಡಿತು. ಒಕ್‌ಬುನ್.

"ಹೇರಾನ್, ಟಿಲ್ಲರ್ ಹತ್ತಿರ ಬಂದಿದ್ದೀವಿ. ಮಂಜು ಈಗ ಬಂತು, ನಾವು ಮೊದಲೇ ಬಂದ್ವಿ. ಬ್ಯಾಟರಿ ಇನ್ನೂ ಎಂಬತ್ತಾರು ತೋರಿಸ್ತಿದೆ, ಅದಕ್ಕೇ ಮಾಡ್ದೆ. ಇಡಬೇಡ, ಕೇಳ್ತಾ ಇರು."

ಹೇರಾನ್ ಫೋನನ್ನು ಮೇಜಿನ ಮೇಲಿಟ್ಟು ಧ್ವನಿ ಜೋರು ಮಾಡಿದಳು. ಗಾಳಿಯ ಸದ್ದು, ಎಂಜಿನ್ನಿನ ಡುಗುಡುಗು, ಅದರ ಮೇಲೆ ಒಕ್‌ಬುನ್‌ಳ ಒಡಕು ಗಂಟಲು. ಹೆಸರು ಕೂಗುತ್ತಿದ್ದಳು. ಚಾನ್‌ಮಿ ಅಮ್ಮಾ, ಇದ್ದೀನಿ. ದಾಲ್ಸು ಅಮ್ಮಾ, ಇದ್ದೀನಿ. ದೊಕ್ಸು ತನಗರಿವಿಲ್ಲದೆ ಬೆರಳು ಮಡಚುತ್ತಾ ಎಣಿಸತೊಡಗಿದ. ಒಬ್ಬೊಬ್ಬರ ಉತ್ತರ ಬಂದಂತೆಲ್ಲ ಹೇರಾನ್‌ಳ ಉಸಿರು ಅಷ್ಟಷ್ಟು ಸಡಿಲವಾಯಿತು. ಗಿಸೊಕ್ ಅಮ್ಮಾ ಎಂದಿತು ಫೋನು. ಇದ್ದೀನಿ, ಕೆಸರಲ್ಲಿ ಬಿದ್ದು ಎದ್ದು ಇದ್ದೀನಿ ಎಂದಿತು ಇನ್ನೊಂದು ಧ್ವನಿ, ಎಲ್ಲರೂ ನಕ್ಕರು.

ಆಮೇಲೆ ಒಕ್‌ಬುನ್ ನಿಂತಳು. ದಿನಾ ನಿಲ್ಲುವ ಜಾಗ. ಹೆಂಗಸರೂ ಸುಮ್ಮನಾದರು, ಎಂಜಿನ್ನು ಮಾತ್ರ ಬಡಿಯುತ್ತಿತ್ತು. ಹೇರಾನ್ ಕಣ್ಣು ಮುಚ್ಚಿ ಆ ಒಂದು ಉಸಿರು ಕಳೆಯಲೆಂದು ಕಾದಳು. ಉಸಿರು ಕಳೆಯಿತು, ಆದರೆ ಮುಂದಿನ ಹೆಸರು ಬರಲಿಲ್ಲ. ಫೋನಿಗೆ ಬಾಯಿ ಹತ್ತಿರ ತಂದಾಗ ಆಗುವ ಸರಸರ ಸದ್ದು ಕೇಳಿಸಿತು.

"ಹೇರಾನ್."

ಮಂಜಿನೊಳಗಿಂದ ತನ್ನ ಹೆಸರು ಕೇಳಿ ಇಪ್ಪತ್ತಾರು ವರ್ಷವಾಗಿತ್ತು. ಆಗ ಅದಕ್ಕೆ ಉತ್ತರ ಕೊಡಬೇಕಾದವಳು ತಾನಾಗಿರಲಿಲ್ಲ. ದೊಕ್ಸು ಫೋನನ್ನು ಮೆಲ್ಲಗೆ ಅವಳ ಕಡೆ ಸರಿಸಿದ. ಬಯಲಿನಲ್ಲಿ ಟಿಲ್ಲರು ಕಾಯುತ್ತಿತ್ತು. ಉತ್ತರ ಬಾರದೆ ಅದು ಕದಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಇದ್ದೀನಿ ಚಿಕ್ಕಮ್ಮ," ಎಂದಳು.

ಆಚೆಯಿಂದ ಹೂಂ ಎಂಬ ಸದ್ದು ಬಂತು. ಆಮೇಲೆ ಒಕ್‌ಬುನ್ ಗಂಟಲು ಸರಿಮಾಡಿಕೊಂಡು ಮಿಹ್ವಾ ಅಮ್ಮನ ಹೆಸರು ಕೂಗಿದಳು.